ಲೈನ್ ಮನೆ ಬಿಟ್ಟರೆ ಸೂರು ಎಲ್ಲಿ ಕೇಳಬೇಕು?

ಚಿಕ್ಕಮಗಳೂರು ಕಡೆ ಎಸ್ಟೇಟ್ ಕೆಲಸ ಬಿಟ್ಟರೆ ಲೈನ್ ಮನೆಯೂ (ತೋಟದವರು ಕಾರ್ಮಿಕರಿಗೆ ಕೊಡುವ ಸಾಲುಮನೆ) ಹೋದಂತೆಯೇ. ತುರ್ತಾಗಿ ತಂಗಲು ಜಾಗ ಬೇಕಿದ್ದರೆ ವಸತಿರಹಿತರ ಆಶ್ರಯ ಕೇಂದ್ರದ ಬಗ್ಗೆ ನಗರಸಭೆಯಲ್ಲಿ ವಿಚಾರಿಸಿ. ಸರ್ಕಾರದ ವಸತಿ ಯೋಜನೆಯಲ್ಲಿ ಸ್ವಂತ ಮನೆಗಾದರೆ ಗ್ರಾಮ ಪಂಚಾಯಿತಿಯ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರನ್ನು ಕಾಣಿ.

ಪಟ್ಟಿ ಎರಡಿರುತ್ತವೆ: ಸೈಟ್ ಇದ್ದು ಮನೆ ಇಲ್ಲದವರು ‘ವಸತಿರಹಿತರು’, ಸೈಟೂ ಇಲ್ಲದವರು ‘ನಿವೇಶನರಹಿತರು’. ಲೈನ್‌ನವರು ಬಹುಪಾಲು ಎರಡನೆಯವರು. ಮೊದಲನೆಯದರಲ್ಲಿ ಹೆಸರು ಸೇರಿಸಿಬಿಟ್ಟರೆ ಹಕ್ಕುಪತ್ರವಿಲ್ಲವೆಂದು ಅರ್ಜಿ ಅಲ್ಲೇ ಕೊಳೆಯುತ್ತದೆ.

ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ನಾಡಕಚೇರಿಯ ಜಾತಿ-ಆದಾಯ ಪತ್ರ ಬೇಕು. ‘ಲಕ್ಷ್ಮಮ್ಮ’ ಒಂದು ದಾಖಲೆಯಲ್ಲಿ ‘ಲಕ್ಷ್ಮಿ’ ಆಗಿದ್ದರೆ ಮೊದಲು ತಿದ್ದಿಸಿ, ಇಲ್ಲದಿದ್ದರೆ ಹಣ ಖಾತೆಗೆ ಬೀಳದೆ ಹೋಗಬಹುದು. ಗ್ರಾಮಸಭೆಗೆ ಖುದ್ದಾಗಿ ಹೋಗಿ; ಆಯ್ಕೆ ನಡೆಯುವುದು ಅಲ್ಲೇ. ಅನುದಾನ ತಳಪಾಯ, ಲಿಂಟಲ್, ಛಾವಣಿ, ಪೂರ್ಣ ಎಂದು 4 ಹಂತದಲ್ಲಿ, ಜಿಪಿಎಸ್ ಫೋಟೊ ಆದಮೇಲೆ ಬರುತ್ತದೆ. ಮನೆ ಮಂಜೂರಾದ ಆದೇಶ ಕೈಗೆ ಬರುವ ಮೊದಲೇ ಪಾಯ ತೋಡಬೇಡಿ.