ಹಳೆಯ ಕಾರಿನ ರಿಪೇರಿ, ಬಿಡಿಭಾಗಗಳ ಖರ್ಚು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: 2012ರ ಸ್ಯಾಂಟ್ರೋ ಪೆಟ್ರೋಲ್ ಕಾರನ್ನು ಸೆಕೆಂಡ್ ಹ್ಯಾಂಡ್ ಆಗಿ ಕೊಂಡಿದ್ದೇನೆ. ಟೈಮಿಂಗ್ ಬೆಲ್ಟ್, ಕ್ಲಚ್, ಮುಂದಿನ ಲೋವರ್ ಆರ್ಮ್ ಮತ್ತು ಬಂಪರ್ ಪೇಂಟಿಂಗ್ ಎಲ್ಲ ಸೇರಿ ಗ್ಯಾರೇಜಿನವರು ಹೇಳಿದ ಮೊತ್ತ ಕಾರಿನ ಬೆಲೆಯ ಮೂರನೇ ಒಂದು ಪಾಲಾಗುತ್ತದೆ. ಮಾರಿಬಿಡುವುದೇ ಮೇಲೆಂದು ಮನೆಯವರು ಹೇಳುತ್ತಾರೆ. ಏನು ಮಾಡಲಿ?
(ಓದುಗರು, ತಿಪಟೂರು)

ಉತ್ತರ: ರಿಪೇರಿಯ ಮೊತ್ತವನ್ನು ಕಾರಿನ ಬೆಲೆಯೊಂದಿಗೆ ಹೋಲಿಸಬೇಡಿ. ಕಾರಿನ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆಯೇ ಹೊರತು ಕ್ಲಚ್ ಪ್ಲೇಟಿನ ಬೆಲೆ ಇಳಿಯುವುದಿಲ್ಲ. ಎಂಜಿನ್ ಹೊಗೆ ಕಾರದಿದ್ದರೆ, ತಳಭಾಗಕ್ಕೆ ತುಕ್ಕು ಹತ್ತದಿದ್ದರೆ, ಈ ಹಣ ಬೇರೊಂದು ಕಾರಿನ ಎಷ್ಟು ತಿಂಗಳ ಕಂತಿಗೆ ಸಮವೆಂದು ಲೆಕ್ಕ ಹಾಕಿ. ಇಟ್ಟುಕೊಳ್ಳುವುದೇ ಲಾಭವೆಂದು ನಿಮಗೇ ತಿಳಿಯಬಹುದು.

ಪಟ್ಟಿಯಲ್ಲಿ ಮುಂದೂಡಬಾರದ ಕೆಲಸವೆಂದರೆ ಟೈಮಿಂಗ್ ಬೆಲ್ಟ್, ಅಂದರೆ ಎಂಜಿನ್ನಿನ ವಾಲ್ವ್ ಮತ್ತು ಪಿಸ್ಟನ್‌ಗಳ ಚಲನೆಯನ್ನು ಹೊಂದಿಸುವ ಬೆಲ್ಟ್. ಓಡುತ್ತಿರುವಾಗ ಅದು ಹರಿದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಬಾಗುವ ಅಪಾಯವಿದ್ದು, ಆಗ ಎಂಜಿನ್ ಬಿಚ್ಚುವ ಖರ್ಚು ಬೆಲ್ಟಿನ ಹಲವು ಪಟ್ಟಾಗುತ್ತದೆ. ಹಿಂದಿನ ಮಾಲೀಕರು ಬದಲಿಸಿದ ಬಿಲ್ಲು ಇಲ್ಲವೆಂದರೆ ಬದಲಿಸಿಲ್ಲವೆಂದೇ ತಿಳಿಯಿರಿ. ಬೆಲ್ಟಿನ ಜೊತೆಗೇ ಅದನ್ನು ಬಿಗಿಯಾಗಿಡುವ ಟೆನ್ಷನರ್ ಹಾಕಿಸಿ, ಏಕೆಂದರೆ ಬಿಚ್ಚುವ ಕೂಲಿ ಎರಡಕ್ಕೂ ಒಂದೇ. ಕ್ಲಚ್‌ಗೂ ಇದೇ ಮಾತು ಅನ್ವಯಿಸುತ್ತದೆ: ಗೇರ್‌ಬಾಕ್ಸ್ ಇಳಿಸಿದ ಮೇಲೆ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಬದಲಿಸುವುದು ಜಾಣತನ. ಆದರೆ ಏರಿನಲ್ಲಿ ಕ್ಲಚ್ ಜಾರದೆ ಕಾರು ಚೆನ್ನಾಗಿ ಎಳೆಯುತ್ತಿದ್ದರೆ ಅದು ಕೆಲವು ತಿಂಗಳು ಕಾಯಬಲ್ಲದು. ಚಕ್ರವನ್ನು ಲೋವರ್ ಆರ್ಮ್‌ಗೆ ಜೋಡಿಸುವ ಬಾಲ್ ಜಾಯಿಂಟ್ ಸಡಿಲವಾಗಿದ್ದರೆ ಮಾತ್ರ ಒಂದು ದಿನವೂ ತಡ ಮಾಡಬೇಡಿ, ಅದು ಜೀವದ ಪ್ರಶ್ನೆ. ಬಂಪರ್ ಬಣ್ಣಕ್ಕೆ ಅವಸರವಿಲ್ಲ.

ಈ ಸ್ಯಾಂಟ್ರೋ ಉತ್ಪಾದನೆ 2014ರ ಕೊನೆಯಲ್ಲಿ ನಿಂತಿದ್ದರೂ ರಸ್ತೆಯ ಮೇಲೆ ಬಹಳ ಕಾರುಗಳಿರುವುದರಿಂದ ಬಿಡಿಭಾಗಗಳಿಗೆ ಪರದಾಡಬೇಕಿಲ್ಲ. 2017ರಲ್ಲಿ ಭಾರತದಲ್ಲಿ ಮಾರಾಟ ನಿಲ್ಲಿಸಿದ ಷೆವರ್ಲೆ ಕಾರು ಕೊಂಡವರಿಗಿಂತ ನೀವು ನಿಶ್ಚಿಂತರು. ಬೆಂಗಳೂರಿಗೆ ಹೋಗುವವರಿದ್ದರೆ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ದರ ವಿಚಾರಿಸಿಕೊಳ್ಳಿ. ಬಾಗಿಲ ಹಿಡಿ, ಕನ್ನಡಿ, ಟೇಲ್ ಲ್ಯಾಂಪ್ ಗುಜರಿಯಲ್ಲಿ ಸಿಕ್ಕರೂ ಚಿಂತೆಯಿಲ್ಲ. ಬ್ರೇಕ್, ಬಾಲ್ ಜಾಯಿಂಟ್, ಟೈಮಿಂಗ್ ಬೆಲ್ಟ್‌ಗಳಲ್ಲಿ ಡೂಪ್ಲಿಕೇಟ್ ಖಂಡಿತ ಬೇಡ. 2025ರ ಸೆಪ್ಟೆಂಬರ್ 22ರಿಂದ ವಾಹನಗಳ ಬಿಡಿಭಾಗಗಳಿಗೆ ಜಿಎಸ್‌ಟಿ ಶೇ. 18ಕ್ಕೆ ಇಳಿದಿದೆ, ಬಿಲ್ಲಿನಲ್ಲಿ ಅದನ್ನು ನೋಡಿಕೊಳ್ಳಿ, ಕೂಲಿಯನ್ನು ಬೇರೆಯಾಗಿ ಬರೆಸಿ, ತೆಗೆದ ಹಳೆಯ ಭಾಗಗಳನ್ನು ಕೇಳಿ ಪಡೆಯಿರಿ.

ಒಂದು ಖರ್ಚನ್ನು ನಿಮ್ಮ ಗ್ಯಾರೇಜಿನವರು ಹೇಳಿಲ್ಲ. ನೋಂದಣಿಯಾಗಿ 15 ವರ್ಷ ತುಂಬಿದಾಗ ಆರ್‌ಟಿಒದಲ್ಲಿ ತಪಾಸಣೆ ಮಾಡಿಸಿ ಆರ್‌ಸಿಯನ್ನು 5 ವರ್ಷಕ್ಕೆ ನವೀಕರಿಸಬೇಕು; ಕಾರಿಗೆ ಅದರ ಶುಲ್ಕ 2022ರ ಏಪ್ರಿಲ್‌ನಿಂದ 5,000 ರೂಪಾಯಿ. ಬಂಪರ್ ಬಣ್ಣವನ್ನು ಆ ತಪಾಸಣೆಯ ಹೊತ್ತಿಗೆ ಮಾಡಿಸಿದರಾಯಿತು.

ಪ್ರಶ್ನೆ: ನನ್ನ 11 ವರ್ಷದ ಕಾರು ಅಪಘಾತಕ್ಕೀಡಾದಾಗ ಪೂರ್ಣ ವಿಮೆ ಇದ್ದರೂ ಬಿಲ್ಲಿನ ಅರ್ಧದಷ್ಟನ್ನು ನಾನೇ ಕಟ್ಟಬೇಕಾಯಿತು. ಇದು ಸರಿಯೇ?
(ಓದುಗರು, ಕುಂದಾಪುರ)

ಉತ್ತರ: ನಿಯಮದಂತೆ ಸರಿ. ಪ್ಲಾಸ್ಟಿಕ್, ರಬ್ಬರ್ ಭಾಗಗಳ ಬೆಲೆಯಲ್ಲಿ ಯಾವ ವಯಸ್ಸಿನ ಕಾರಿಗಾದರೂ ಶೇ. 50ರಷ್ಟು ಸವಕಳಿ ಕಳೆಯುತ್ತಾರೆ. 10 ವರ್ಷ ದಾಟಿದ ಕಾರಿನ ಲೋಹದ ಭಾಗಗಳಿಗೂ ಶೇ. 50. ಗಾಜಿಗೆ ಮಾತ್ರ ಸವಕಳಿ ಇಲ್ಲ. ಇದನ್ನು ತಪ್ಪಿಸುವ ಜೀರೋ ಡೆಪ್ ಸೌಲಭ್ಯವನ್ನು ಇಷ್ಟು ಹಳೆಯ ಕಾರಿಗೆ ಬಹುತೇಕ ಕಂಪನಿಗಳು ಕೊಡುವುದಿಲ್ಲ. ಆದ್ದರಿಂದ ಬಂಪರಿನಂಥ ಸಣ್ಣ ಹಾನಿಗೆ ಕ್ಲೇಮ್ ಮಾಡುವ ಮುನ್ನ, ಕೈಗೆ ಬರುವ ಹಣ ಹೆಚ್ಚೋ, ಕಳೆದುಕೊಳ್ಳುವ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಹೆಚ್ಚೋ ಎಂದು ನೋಡಿಕೊಳ್ಳಿ.