ಹೊಳೆಬಂಡೆಯ ಬಿರುಕುಗಳಲ್ಲಿ ಹಳೆಯದು ಯಾವುದು?

ಪ್ರಶ್ನೆ: ಬೇಸಿಗೆಯಲ್ಲಿ ತುಂಗೆಯ ನೀರು ಇಳಿದಾಗ ಹೊಳೆಬಂಡೆಗಳ ಮೇಲೆ ಉದ್ದುದ್ದ ಬಿರುಕುಗಳು ಕಾಣುತ್ತವೆ. ಕೆಲವು ಇನ್ನೊಂದಕ್ಕೆ ತಾಗಿ ಅಲ್ಲೇ ನಿಲ್ಲುತ್ತವೆ, ಕೆಲವು ದಾಟಿಕೊಂಡು ಹೋಗುತ್ತವೆ. ಏಕೆ? ಎರಡು ಬಿರುಕು ಕೂಡುವ ಕಡೆ ಬೋರ್‌ವೆಲ್ ಕೊರೆಸಿದರೆ ನೀರು ಸಿಗುತ್ತದೆಯೇ?
– ಓದುಗರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ತಾಗಿ ನಿಂತದ್ದು ಸಾಮಾನ್ಯವಾಗಿ ಕಿರಿಯದು, ತಡೆದದ್ದು ಹಿರಿಯದು. ಕಲ್ಲು ಎಷ್ಟೇ ಒತ್ತಿದರೂ ತಾಳೀತು, ಎಳೆದರೆ ತಾಳದು. ಎಳೆತ ತಡೆಯುವ ಶಕ್ತಿ ಒತ್ತಡ ತಡೆಯುವುದರ ಹತ್ತನೇ ಒಂದು ಪಾಲಿನಷ್ಟು ಮಾತ್ರ. ಬೆಳೆಯುವ ಬಿರುಕಿನ ತುದಿಯಲ್ಲಿ ಈ ಎಳೆತವೇ ಒಟ್ಟುಗೂಡಿರುತ್ತದೆ. ಎದುರಿಗೆ ಬಾಯಿಬಿಟ್ಟ ಹಳೆಯ ಸಂದು ಸಿಕ್ಕರೆ ಎಳೆತ ಆಚೆ ದಡಕ್ಕೆ ತಲುಪುವುದೇ ಇಲ್ಲ, ಬಿರುಕು ಅಲ್ಲೇ ನಿಲ್ಲುತ್ತದೆ. ಹಳೆಯ ಸಂದಿನಲ್ಲಿ ಬಿಳಿ ಬೆಣಚು ತುಂಬಿ ಬೆಸೆದುಕೊಂಡಿದ್ದರೆ, ಅಥವಾ ಆಳದ ಒತ್ತಡ ಅದನ್ನು ಬಿಗಿಯಾಗಿ ಮುಚ್ಚಿದ್ದರೆ, ಹೊಸದು ದಾಟಿಬಿಡುತ್ತದೆ.

ಬರೀ ಬಾಯಿಬಿಟ್ಟದ್ದೋ, ಜಾರಿದ್ದೋ ಎಂದು ತಿಳಿಯಲು ನೈಸ್ (gneiss) ಎಂಬ ಪಟ್ಟೆಪಟ್ಟೆಯ ಗಟ್ಟಿ ಕಲ್ಲಿನ ಕಪ್ಪು-ಬಿಳಿ ಪಟ್ಟೆ ನೋಡಿ. ಬಿರುಕಿನ ಎರಡೂ ಬದಿಯನ್ನು ಮನಸ್ಸಿನಲ್ಲೇ ನೇರವಾಗಿ ಕೂಡಿಸಿದಾಗ ಪಟ್ಟೆ ಹೊಂದಿಕೊಂಡರೆ ಅದು ಸಂದು. ಪಕ್ಕಕ್ಕೆ ಸರಿದಿದ್ದರೆ ಸ್ತರಭಂಗ, ಅಂದರೆ ಜಾರಿದ ಬಿರುಕು. ಹಳೆಯ ಸಂದೇ ಮುಂದೆ ಒತ್ತಡದ ದಿಕ್ಕು ಬದಲಾದಾಗ ಜಾರುವುದುಂಟು. ಆಗ ಅದರ ತುದಿಯಿಂದ ಓರೆಯಾಗಿ ಹೊಸ ಸೀಳುಗಳು ಹೊರಡುತ್ತವೆ. ಒಂದೇ ಒತ್ತಡದಲ್ಲಿ ಹುಟ್ಟಿದ ಜಾರುಬಿರುಕುಗಳ ಜೋಡಿ ಸುಮಾರು 60 ಡಿಗ್ರಿಯಲ್ಲಿ ಕತ್ತರಿಸುತ್ತದೆ. ಆದರೆ ಬೇರೆ ಬೇರೆ ಕಾಲದ ಸಂದುಗಳೂ ಹಾಗೆ ಕತ್ತರಿಸಬಹುದು. ಕೋನವೊಂದನ್ನೇ ನಂಬಬೇಡಿ, ಜಾರಿದ ಗುರುತು ಸಿಗಲೇಬೇಕು.

ಇನ್ನು ನೀರು. ನೈಸ್ ಕಲ್ಲಿನ ಒಡಲಲ್ಲಿ ನೀರಿಲ್ಲ, ಇರುವುದೆಲ್ಲ ಬಿರುಕಿನಲ್ಲಿ ಮತ್ತು ಮೇಲಿನ ಶಿಥಿಲ ಪದರದಲ್ಲಿ. ಕೂಡುವ ಜಾಗ ಒಳ್ಳೆಯದೇ, ಆದರೆ ಅಲ್ಲೇ ತಪ್ಪೂ ಆಗುತ್ತದೆ. ಬಿರುಕು ನೆಟ್ಟಗೆ ಇಳಿಯುವುದು ಕಡಿಮೆ. ನೆಲಮಟ್ಟದಿಂದ 70 ಡಿಗ್ರಿ ಓರೆಯಿದ್ದರೆ 60 ಮೀಟರ್ ಆಳ ತಲುಪುವಾಗ ಅದು ಸುಮಾರು 22 ಮೀಟರ್ ಪಕ್ಕಕ್ಕೆ ಹೋಗಿರುತ್ತದೆ. ಗೆರೆಯ ಮೇಲೇ ಕೊರೆದರೆ ಬೋರು ಒಂದೆರಡು ಮೀಟರಿನಲ್ಲೇ ಅದನ್ನು ಬಿಟ್ಟು ಬರಿಯ ಬಂಡೆಗೆ ಇಳಿಯುತ್ತದೆ. ಮೊದಲು ಕ್ಲೈನೋಮೀಟರಿನಲ್ಲಿ ಓರೆ ಅಳೆಯಿರಿ. ಬಿರುಕು ಯಾವ ಕಡೆ ವಾಲಿದೆಯೋ ಆ ಕಡೆಗೆ ಅಷ್ಟು ದೂರ ಸರಿದು ಜಾಗ ಗುರುತಿಸಿ. ಎರಡೂ ವಾಲಿದ್ದರೆ ಕೂಡುಗೆರೆಯೂ ಓರೆಯಾಗಿಯೇ ಇಳಿಯುತ್ತದೆ, ಅದರ ಲೆಕ್ಕವೂ ಬೇಕು. ಕಲ್ಲು ಅರೆದು ಜೇಡಿಯಾದ ಸ್ತರಭಂಗ ನೀರು ಬಿಡುವ ಬದಲು ತಡೆಯುತ್ತದೆ, ಅದನ್ನು ನೆಚ್ಚಬೇಡಿ. ಹೊಳೆಯಿಂದ ದೂರ, ದಪ್ಪ ಮಣ್ಣು ಮುಚ್ಚಿದ ತೋಟದಲ್ಲಿ ಬಿರುಕು ಕಣ್ಣಿಗೆ ಬೀಳದು. ಅಲ್ಲಿ ನೆಲಕ್ಕೆ ವಿದ್ಯುತ್ ಹಾಯಿಸಿ ಒಳಗಿನದನ್ನು ಅಂದಾಜಿಸುವ ವಿದ್ಯುತ್ ರೋಧ ಸಮೀಕ್ಷೆ ಮಾಡಿಸಿಯೇ ಜಾಗ ಆರಿಸಿ.