ಪಾಲಿಕೆಯ ಮರಗಳ ಕೆಲಸ: ನಿಮ್ಮ ಪ್ರಶ್ನೆಗೆ ಪುಣೆಯಿಂದ ಉತ್ತರ

ಶಿರಸಿಯಲ್ಲಿ ಅರಣ್ಯಶಾಸ್ತ್ರ ಓದಿದವರಿಗೆ ಪುಣೆಯ ಪಾಲಿಕೆಯಲ್ಲಿ ಸಸಿ ನೆಡಿಸುವುದಷ್ಟೇ ಕೆಲಸವೇ ಎಂದು ಕೇಳಿದ್ದೀರಿ. ಖಂಡಿತ ಅಲ್ಲ. ನನ್ನ ದಿನದ ಬಹುಪಾಲು ಮರ ಕಡಿಯಲು ಬಂದ ಅರ್ಜಿಗಳ ಸ್ಥಳಪರಿಶೀಲನೆಗೇ ಹೋಗುತ್ತದೆ. ಮಹಾರಾಷ್ಟ್ರದ 1975ರ ನಗರ ವೃಕ್ಷ ಸಂರಕ್ಷಣಾ ಕಾಯ್ದೆಗೆ 2021ರಲ್ಲಿ ತಿದ್ದುಪಡಿಯಾಗಿ, 50 ವರ್ಷ ಮತ್ತು ಮೇಲ್ಪಟ್ಟ ಮರಗಳಿಗೆ ಪಾರಂಪರಿಕ ವೃಕ್ಷದ ಸ್ಥಾನ ಸಿಕ್ಕಿದೆ. ಹಾಗಾಗಿ ವಯಸ್ಸಿನ ಅಂದಾಜು ತಪ್ಪಿದರೆ ಮರವೇ ಹೋದಂತೆ. ವಯಸ್ಸು ಅಂದಾಜಿಸಲು ಎದೆಮಟ್ಟದಲ್ಲಿ, ಅಂದರೆ ನೆಲದಿಂದ 1.37 ಮೀಟರ್ ಎತ್ತರದಲ್ಲಿ, ಟೇಪು ಸುತ್ತಿ ಸುತ್ತಳತೆ ಬರೆದುಕೊಳ್ಳುತ್ತೇವೆ. ಕಳೆದ ವಾರ ಒಂದು ಆಲದ ಬುಡಕ್ಕೆ ಅಂಟಿಕೊಂಡಂತೆ ಕಾಂಕ್ರೀಟು ಸುರಿದಿದ್ದರು. ಒಡೆಸಿ ನೋಡಿದರೆ ತೊಗಟೆ ಕಪ್ಪಾಗಿ ಕೊಳೆತಿತ್ತು. ಹೊಟ್ಟೆ ಉರಿದುಹೋಯಿತು. ಮರಾಠಿಯನ್ನು ಮಾತ್ರ ಈಗಿನಿಂದಲೇ ಕಲಿಯಿರಿ. ಪಂಚನಾಮೆ, ಕಡತ ಎಲ್ಲವೂ ಮರಾಠಿಯಲ್ಲೇ. ಹಿಂದಿ ಓದಲು ಬಂದರೆ ಲಿಪಿಯ ತೊಂದರೆಯಿಲ್ಲ.